ಹದಿನಾರು ರೀಮು

ಗುಬ್ಬಿಯ ತೂಕ ನಲವತ್ತೊಂದು ಕೆಜಿ. ಹುಟ್ಟಿದಾಗ ಒಂದೂ ಮುಕ್ಕಾಲು ಕೆಜಿ ಇದ್ದಳಂತೆ, ಅಪ್ಪನ ಅಂಗೈಯಲ್ಲಿ ಹಿಡಿಸುವಷ್ಟು. ಆಗ ಅಂಟಿಕೊಂಡ ಹೆಸರು ಹತ್ತೊಂಬತ್ತು ವರ್ಷ ಆದರೂ ಬಿಟ್ಟಿಲ್ಲ. ಹುಟ್ಟಿನಿಂದಲೇ ಅವಳ ಕಾಲುಗಳು ಬಿಗಿ, ಮಡಚಿದರೆ ಬಿಡಿಸೋದು ಕಷ್ಟ, ಬಿಡಿಸಿದರೆ ಮಡಚೋದು ಕಷ್ಟ. ಬಾಯಿಗೆ ಮಾತ್ರ ಯಾವ ಬಿಗಿಯೂ ಇಲ್ಲ. ಕಣ್ಣಂತೂ ಇನ್ನೂ ಚುರುಕು. ಅಮ್ಮ ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಬರುವ ಪ್ರಬಂಧಗಳ ತಪ್ಪು ತಿದ್ದುವವಳು ಅವಳೇ. ಮಂಚದ ಮೇಲೆ ಒರಗಿ ಕೂತು, ಕೆಂಪು ಪೆನ್ನು ಹಿಡಿದು, ದೊಡ್ಡ ದೊಡ್ಡ ಓದಿನವರ ಕಾಗುಣಿತಕ್ಕೆ ನಗುತ್ತಾ ದಿನ ಕಳೆಯುತ್ತಾಳೆ.

ಅಮ್ಮನನ್ನು ಅಂಗಡಿಗೆ ಬರುವವರೆಲ್ಲ ಬೈಂಡಿಂಗ್ ಅಕ್ಕ ಅಂತಲೇ ಕರೆಯೋದು. ಪ್ರತಿ ತೆಗೆಯೋದು, ಅಂಚು ಕತ್ತರಿಸೋದು, ಗೋಂದು ಹಚ್ಚಿ ರಟ್ಟು ಹಾಕೋದು, ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ. ವಯಸ್ಸು ನಲವತ್ತಾರು. ಇಡೀ ದಿನ ಕೂತೇ ಇರುವ ಕೆಲಸ. ಆದರೆ ಬೆಳಿಗ್ಗೆ ಅಂಗಡಿಗೆ ಬರುವ ಹೊತ್ತಿಗೇ ಅವಳ ಮೈ ಅರ್ಧ ಸವೆದು ಹೋಗಿರುತ್ತಿತ್ತು. ಯಾಕೆಂದರೆ ಗುಬ್ಬಿಯ ಮಂಚದಿಂದ ಬಚ್ಚಲಿಗೆ ಎಂಟು ಹೆಜ್ಜೆ.

ಗಾಲಿಕುರ್ಚಿ ಬಚ್ಚಲ ಬಾಗಿಲಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ಹೊಸ್ತಿಲು ಒಂದು ಗೇಣು ಎತ್ತರ. ಹಾಗಾಗಿ ಮಗುವಾಗಿದ್ದಾಗಿನಿಂದ ಅಮ್ಮ ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಎಂಟು ಹೆಜ್ಜೆ ನಡೆದು ಒಳಗಿನ ಸ್ಟೂಲಿನ ಮೇಲೆ ಕೂರಿಸುತ್ತಾಳೆ, ಸ್ನಾನ ಆದಮೇಲೆ ಮತ್ತೆ ಎಂಟು ಹೆಜ್ಜೆ. ಮಗಳು ವರ್ಷಕ್ಕೆ ಎರಡೆರಡು ಕೆಜಿ ಏರುತ್ತಾ ಹೋದಳು. ಅಮ್ಮ ಎಷ್ಟೆಷ್ಟು ಇಳಿಯುತ್ತಾ ಹೋದಳೋ, ಅದನ್ನು ಯಾರು ತೂಗಿದ್ದಾರೆ? ಅಪ್ಪ ಶಾಲೆಯ ವ್ಯಾನು ಓಡಿಸುತ್ತಾನೆ. ಒಳ್ಳೆ ದಪ್ಪ ತೋಳಿನ ಮನುಷ್ಯ, ಆದರೆ ಎರಡು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆದಮೇಲೆ ಐದು ಕೆಜಿಗಿಂತ ಜಾಸ್ತಿ ಎತ್ತಿದರೆ ಮತ್ತೆ ಕೊಯ್ಯಬೇಕಾಗುತ್ತೆ ಅಂತ ಡಾಕ್ಟರು ಹೆದರಿಸಿ ಕಳಿಸಿದ್ದರು. ಅಂದಿನಿಂದ ಅವನು ಅಕ್ಕಿ ಚೀಲವನ್ನೂ ಕಾಲಲ್ಲಿ ನೂಕುವವನು.

ಒಂದು ಸೋಮವಾರ ಬೆಳಿಗ್ಗೆ, ಮೂರನೇ ಹೆಜ್ಜೆಗೆ, ಅಮ್ಮನ ಸೊಂಟ ಹಿಡಿದುಕೊಂಡಿತು. ಹಿಡಿದುಕೊಂಡಿತು ಅಂದರೆ ಸುಮ್ಮನೆ ಅಲ್ಲ, ಯಾರೋ ಒಳಗಿನಿಂದ ಹಗ್ಗ ಎಳೆದು ಗಂಟು ಹಾಕಿದ ಹಾಗೆ. ಹೇಗೋ ಹಿಂದಕ್ಕೆ ತಿರುಗಿ ಮಂಚದ ಮೇಲೆ ಇಬ್ಬರೂ ಒಟ್ಟಿಗೇ ಬಿದ್ದರು. ಗುಬ್ಬಿಗೆ ಏನೂ ಆಗಲಿಲ್ಲ. ಅಮ್ಮ ಹತ್ತು ದಿನ ಗೋಡೆ ಹಿಡಿದುಕೊಂಡು ಓಡಾಡಿದಳು.

ಆ ಹತ್ತು ದಿನ ಗುಬ್ಬಿಗೆ ಮಂಚದಲ್ಲೇ ಒದ್ದೆ ಬಟ್ಟೆಯ ಸ್ನಾನ, ಉಳಿದದ್ದೂ ಮಂಚದಲ್ಲೇ. ಅವಳು ಬಾಯಿಬಿಟ್ಟು ದೂರಲಿಲ್ಲ, ಆದರೆ ತಪ್ಪು ತಿದ್ದುವಾಗ ನಗೋದು ನಿಂತಿತ್ತು. ಹನ್ನೊಂದನೇ ದಿನ ಅಪ್ಪ ಗಂಟಲು ಸರಿಮಾಡಿಕೊಂಡು ವಿಷಯ ತೆಗೆದ. ಒಬ್ಬ ಹೆಂಗಸನ್ನು ನೋಡಿಟ್ಟಿದ್ದಾನೆ, ಗಟ್ಟಿ ಆಳು, ಆಸ್ಪತ್ರೆಯಲ್ಲಿ ಕೆಲಸ ಮಾಡಿ ಅಭ್ಯಾಸ ಇರುವವಳು, ದಿನಾ ಬೆಳಿಗ್ಗೆ ಒಂದು ಗಂಟೆ ಬಂದು ಎಲ್ಲಾ ಮುಗಿಸಿಕೊಟ್ಟು ಹೋಗುತ್ತಾಳೆ. ತಪ್ಪೇನೂ ಇಲ್ಲದ ಮಾತು. ಗುಬ್ಬಿ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು.

"ಅಪ್ಪಾ, ಗುರುತಿಲ್ಲದೋರ ಮುಂದೆ ನೀನು ಬಟ್ಟೆ ಬಿಚ್ಚಿ ಕೂತ್ಕೋತೀಯಾ?"

ಅಪ್ಪ ವ್ಯಾನಿನ ಬೀಗದ ಕೈ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

"ನಾನೂ ಕೂತ್ಕೊಳಲ್ಲ" ಅಂದಳು ಗುಬ್ಬಿ. "ಒದ್ದೆ ಬಟ್ಟೇಲೇ ಇರ್ತೀನಿ, ಪರವಾಗಿಲ್ಲ."

ಪರವಾಗಿಲ್ಲ ಅಂದಾಗ ಅವಳು ಗೋಡೆ ಕಡೆ ನೋಡುತ್ತಿದ್ದಳು. ಅಮ್ಮನಿಗೆ ಅದು ತಡೆಯಲಿಲ್ಲ. ಮೂರು ತಿಂಗಳು ಟೈಮು ಕೊಡಿ ಅಂತ ಗಂಡನನ್ನು ಕೇಳಿದಳು. ಮೂರು ತಿಂಗಳಲ್ಲಿ ತಾನು ಮತ್ತೆ ಎತ್ತುತ್ತೇನೆ, ಆಗದಿದ್ದರೆ ಆ ಹೆಂಗಸು ಬರಲಿ. ಗುಬ್ಬಿಯೂ ತಲೆಯಾಡಿಸಿದಳು.

ಸೊಂಟಕ್ಕೆ ಅಂತ ಹೋಗಿದ್ದ ಆಸ್ಪತ್ರೆಯಲ್ಲೇ ಒಬ್ಬ ಫಿಸಿಯೋ ಮೇಡಂ ಇದ್ದರು. ಮೂವತ್ತು ದಾಟಿರಬಹುದು, ಕಡ್ಡಿಯಂಥ ಕೈ. ಇವರು ನನಗೇನು ಹೇಳಿಕೊಡ್ತಾರೆ ಅಂತ ಅಮ್ಮನಿಗೆ ಮೊದಲು ಅನಿಸಿದ್ದು ಸುಳ್ಳಲ್ಲ. ನಲವತ್ತು ದಾಟಿದ ಮೇಲೆ ಮಾಂಸಖಂಡ ನಾವು ಕೇಳದಿದ್ದರೂ ಕರಗುತ್ತೆ, ಕೇಳಿದರೆ ಮಾತ್ರ ವಾಪಸ್ಸು ಬರುತ್ತೆ, ಅದೂ ನಿಧಾನಕ್ಕೆ ಅಂತ ಮೇಡಂ ವಿವರಿಸಿದರು. ಊಟದಲ್ಲಿ ಮೊಟ್ಟೆ, ಬೇಳೆ ಜಾಸ್ತಿ ಇರಲಿ, ದಿನ ಬಿಟ್ಟು ದಿನ ವ್ಯಾಯಾಮ, ಚೆನ್ನಾಗಿ ನಿದ್ದೆ. ನಿದ್ದೆ ಅಂದಾಗ ಅಮ್ಮನಿಗೆ ನಗು ಬಂತು.

"ನಲವತ್ತೊಂದು ಕೆಜಿ ಎತ್ತೋಕೆ ಎಷ್ಟು ದಿನ ಬೇಕು ಮೇಡಂ?"

"ಮೊದಲು ನಿಮ್ಮನ್ನ ನೀವು ಎತ್ತಿ. ಕುರ್ಚಿಯಿಂದ, ಕೈ ಊರದೆ, ಒಂದೇ ಸಮ ಹತ್ತು ಸಲ."

ಅಮ್ಮ ಅಲ್ಲೇ ಮಾಡಿ ನೋಡಿದಳು. ಮೂರನೆಯದಕ್ಕೆ ಕೈ ತಾನಾಗಿ ಕುರ್ಚಿಯ ಅಂಚು ಹಿಡಿಯಿತು. ಹತ್ತು ಆಗುವವರೆಗೆ ಬೇರೆ ಗುರಿ ಬೇಡ ಅಂದರು ಮೇಡಂ. ಮಗಳನ್ನೂ ಒಮ್ಮೆ ಕರೆತನ್ನಿ ಅಂದರು. ಹೂಂ ಅಂದಳು, ಕರೆತರಲಿಲ್ಲ. ಎತ್ತಲಾಗದವಳನ್ನು ಆಸ್ಪತ್ರೆಗೆ ಹೇಗೆ ಎತ್ತಿಕೊಂಡು ಬರೋದು? ಅಲ್ಲದೆ, ಕುರ್ಚಿಯಿಂದ ಹತ್ತು ಸಲ ಏಳೋದಕ್ಕೂ ಎಂಟು ಹೆಜ್ಜೆಗೂ ಎತ್ತಣಿಂದೆತ್ತ ಸಂಬಂಧ ಅಂತ ಅವಳಿಗೆ ಒಳಗೊಳಗೇ ಸಿಟ್ಟು. ಅವಳಿಗೆ ಬೇಕಿದ್ದದ್ದು ನಲವತ್ತೊಂದು.

ತೂಕ ಎತ್ತೋದಕ್ಕೆ ಜಿಮ್ಮಿಗೆ ಹೋಗುವ ಪೈಕಿಯಲ್ಲ ಅವಳು. ಆದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮೇಲಿನ ಮನೆಯ ಪೈಪು ಸೋರಿ, ಒಂದಷ್ಟು ಕಾಗದದ ರೀಮುಗಳು ಅಂಚಲ್ಲಿ ನೆನೆದು ಒಣಗಿ ಸೊಟ್ಟಗಾಗಿದ್ದವು. ಯಂತ್ರಕ್ಕೆ ಹಾಕಿದರೆ ಸಿಕ್ಕಿಹಾಕಿಕೊಳ್ಳುವಂಥವು. ಮಾಲೀಕರನ್ನು ಕೇಳಿದಳು. ಪುಣ್ಯಾತ್ಮರು, ಯಾಕೆ ಅಂತ ಕೇಳಿ, ಕಾರಣ ಕೇಳಿದ ಮೇಲೆ ತಗೊಂಡು ಹೋಗು ಅಂದರು. ಅಪ್ಪ ವ್ಯಾನಲ್ಲಿ ಸಾಗಿಸಿದ, ಒಂದು ಸಲಕ್ಕೆ ಎರಡೇ ರೀಮಿನಂತೆ ಇಳಿಸಿಕೊಟ್ಟ.

ಲೆಕ್ಕ ಅವಳಿಗೆ ಬಾಯಿಪಾಠ. ಒಂದು ರೀಮು ಅಂದರೆ ಐನೂರು ಹಾಳೆ, ಎರಡೂವರೆ ಕೆಜಿ. ಅಂಗಡಿ ಸೇರಿದ ಮೊದಲ ವಾರ ಕಲಿತದ್ದು. ಹದಿನಾರು ರೀಮಿಗೆ ನಲವತ್ತು ಕೆಜಿ. ಉಳಿದ ಒಂದು ಕೆಜಿ ಹೆತ್ತವಳ ಹಟಕ್ಕೆ ಬಿಟ್ಟದ್ದು. ಹಿಟ್ಟಿನ ಹಳೆ ಚೀಲವೊಂದಕ್ಕೆ ಎರಡು ಪಟ್ಟಿ ಹೊಲಿದು, ನಾಲ್ಕು ರೀಮಿನಿಂದ ಶುರುಮಾಡಿದಳು. ಗುಬ್ಬಿ ಗೋಡೆಗೆ ಒಂದು ಹಾಳೆ ಅಂಟಿಸಲು ಹೇಳಿ, ಪ್ರತಿ ವಾರ ಎಷ್ಟು ರೀಮು ಅಂತ ಅಮ್ಮನ ಕೈಲೇ ಬರೆಸಿದಳು. ಕೆಳಗೆ ಕೊನೆಗೆ ಹದಿನಾರು ಅಂತ ಬರೆದು ಸುತ್ತ ಕೆಂಪು ಗೆರೆ.

ಈ ಮೂರು ತಿಂಗಳ ಬಗ್ಗೆ ಜೋರಾಗಿ ಹೇಳುವಂಥದ್ದು ಏನೂ ಇಲ್ಲ ನೋಡಿ. ಬರೀ ಸುಸ್ತು. ಬೆಳಿಗ್ಗೆ ಐದಕ್ಕೆ ಏಳೋದು, ಅಡುಗೆ, ಗುಬ್ಬಿಯ ಒದ್ದೆ ಬಟ್ಟೆ, ಎರಡು ಮೊಟ್ಟೆ ನಿಂತುಕೊಂಡೇ ನುಂಗೋದು, ಅಂಗಡಿ, ಪರೀಕ್ಷೆ ಹತ್ತಿರ ಬಂದ ಮಕ್ಕಳ ನೂಕುನುಗ್ಗಲು, ಸಂಜೆ ಬಂದು ಚೀಲ. ಮೊದಲ ಎರಡು ವಾರ ತೋಳು ಎಷ್ಟು ನೋಯುತ್ತಿತ್ತೆಂದರೆ ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲಾಗದೆ ಗುಬ್ಬಿಯ ಮುಂದೆ ನೆಲದಲ್ಲಿ ಕೂತು ಬಾಚಿಸಿಕೊಂಡಳು. ಅಪ್ಪ ಪೈಲ್ವಾನಮ್ಮ ಅಂತ ಕರೆಯಲು ಶುರುಮಾಡಿದ. ಒಂದು ದಿನ ಮಾತ್ರ, ಚೀಲ ಇಳಿಸಿ ಗೋಡೆಗೆ ಹಣೆ ಕೊಟ್ಟು ನಿಂತವಳನ್ನು ನೋಡಿ, ಹೋಗಿ ಟೀ ಮಾಡಿಕೊಂಡು ಬಂದ.

ದಿನ ಬಿಟ್ಟು ದಿನ ಅಂದಿದ್ದರು ಮೇಡಂ. ಇವಳು ದಿನವೂ ಎತ್ತಿದಳು. ಮೈ ಏಳೆಂಟು ರೀಮಿನವರೆಗೆ ಹೇಳಿದ ಮಾತು ಕೇಳಿತು. ಹತ್ತಕ್ಕೆ ಹಟ ಹಿಡಿಯಿತು. ಹನ್ನೆರಡಾದ ಮೇಲೆ ಒಂದೊಂದು ರೀಮೂ ಒಂದೊಂದು ಜಗಳ. ಕುರ್ಚಿಯ ಹತ್ತು ಏನಾಯಿತು ಅಂತ ಗುಬ್ಬಿ ನಡುನಡುವೆ ಕೇಳುತ್ತಿದ್ದಳು. ಅದನ್ನು ಆಮೇಲೆ ನೋಡೋಣ ಅನ್ನುತ್ತಿದ್ದಳು ಅಮ್ಮ. ಹನ್ನೆರಡನೇ ವಾರದ ಶನಿವಾರ ಹದಿನಾರು ರೀಮಿನ ಚೀಲ ನೆಲ ಬಿಟ್ಟು ಎದ್ದಿತು, ಮಂಡಿ ದಾಟಿತು, ಎದೆಗೆ ಒರಗಿತು. ಇಳಿಸಿದ ಮೇಲೆ ಅವಳಿಗೆ ಖುಷಿಪಡಲೂ ತ್ರಾಣ ಇರಲಿಲ್ಲ. ಹಾಳೆಯಲ್ಲಿ ಬರೆದ ಅಂಕಿ ಓರೆಯಾಗಿತ್ತು.

ಮರುದಿನ ಭಾನುವಾರ. ಗುಬ್ಬಿ ಬೇಗ ಎದ್ದು ಸೋಪಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕಾದಿದ್ದಳು. ಅಮ್ಮ ಎತ್ತಿದಳು. ಒಂದು ಹೆಜ್ಜೆ, ಎರಡು. ಚೀಲದ ಕಾಗದ ಅಲ್ಲಾಡುವುದಿಲ್ಲ, ಮನುಷ್ಯರ ಮೈ ಅಲ್ಲಾಡುತ್ತದೆ. ಗುಬ್ಬಿಯ ಬಿಗಿ ಕಾಲು ಕೋಣೆಯ ಬಾಗಿಲ ಚೌಕಟ್ಟಿಗೆ ತಾಗಿ ಕತ್ತರಿಯ ಹಾಗೆ ಕೂಡಿಕೊಂಡಿತು. ನಾಲ್ಕನೇ ಹೆಜ್ಜೆಗೆ ಅಮ್ಮನ ತೊಡೆಗಳು ನಡುಗತೊಡಗಿದವು. ಐದನೆಯದು ಇಡಲಾಗಲಿಲ್ಲ. ಬೀಳೋದಕ್ಕಿಂತ ಕೂರೋದು ಮೇಲು ಅಂತ, ಗೋಡೆಗೆ ಬೆನ್ನು ಜಾರಿಸಿ, ಮಗಳನ್ನು ತೊಡೆಯ ಮೇಲಿಟ್ಟುಕೊಂಡೇ ನೆಲಕ್ಕೆ ಇಳಿದುಬಿಟ್ಟಳು. ಬಚ್ಚಲ ಬಾಗಿಲು ಕಾಣುತ್ತಿತ್ತು. ಸೋಪಿನ ಡಬ್ಬಿ ಅಲ್ಲಿಯವರೆಗೆ ಉರುಳಿಕೊಂಡು ಹೋಗಿತ್ತು.

ಅಪ್ಪ ಗಾಲಿಕುರ್ಚಿ ತಂದ. ಎಲ್ಲರೂ ಸೇರಿ ಹೇಗೋ ಎಳೆದು ಹತ್ತಿಸಿದರು.

"ಸಾಕು ಕಣೇ" ಅಂದ ಅಪ್ಪ, ಮೆತ್ತಗೆ. "ನಿಂಗೂ ಏನಾದ್ರೂ ಆದ್ರೆ ನಾವಿಬ್ರೂ ಏನು ಮಾಡೋದು?"

ಒಂದನೇ ತಾರೀಕಿನಿಂದ ಆ ಹೆಂಗಸು ಬರುವುದು ಅಂತ ಆಯಿತು. ಅದಕ್ಕೆ ಒಂಬತ್ತು ದಿನ ಉಳಿದಿತ್ತು. ಆ ರಾತ್ರಿ ಗುಬ್ಬಿ ಗೋಡೆಯ ಹಾಳೆ ತೆಗೆಯಲು ಹೇಳಲಿಲ್ಲ, ಅಮ್ಮನೂ ತೆಗೆಯಲಿಲ್ಲ.

ಮಂಗಳವಾರ ಅಂಗಡಿಗೆ ಒಬ್ಬ ಸಂಶೋಧನೆಯವನು ಬಂದು ರೇಗಿದ. ಮೂರು ವರ್ಷ ಕೂತು ಬರೆದ ಪ್ರಬಂಧ, ಬೈಂಡ್ ಮಾಡಿದ ಮೇಲೆ ಇಷ್ಟು ತೆಳ್ಳಗೆ ಕಾಣುತ್ತಲ್ಲ, ಗೆಳೆಯನದು ಇಷ್ಟೇ ಪುಟ ಇದ್ದರೂ ಇಟ್ಟಿಗೆ ಇದ್ದ ಹಾಗಿದೆ ಅಂತ ಅವನ ಗೋಳು. ಬೈಂಡಿಂಗ್ ಅಕ್ಕ ತಲೆ ಎತ್ತದೆ, ಈ ಆರು ತಿಂಗಳಲ್ಲಿ ನೂರು ಸಲ ಹೇಳಿದ ಉತ್ತರವನ್ನೇ ಹೇಳಿದಳು.

"ನಿಮ್ಮ ಗೆಳೆಯರದ್ದು ಎಂಬತ್ತು ಜಿಎಸ್ಎಂ ಕಾಗದ. ಈಗ ನಾವು ತರಿಸೋದು ಎಪ್ಪತ್ತು. ತೆಳು, ತೂಕನೂ ಕಮ್ಮಿ..."

ಅಷ್ಟು ಹೇಳಿ ಅವಳ ಬಾಯಿ ಅಲ್ಲೇ ನಿಂತಿತು. ಗೋಂದಿನ ಬ್ರಷ್ಷು ಕೈಯಲ್ಲೇ ಉಳಿಯಿತು.

ಹಿಂದಿನ ಕೋಣೆಗೆ ಹೋಗಿ ಒಂದು ರೀಮು ತಂದು, ಕೊರಿಯರ್ ಪಾರ್ಸೆಲ್ಲು ತೂಗುವ ತಕ್ಕಡಿಯ ಮೇಲಿಟ್ಟಳು. ಎರಡು ಕೆಜಿ ನೂರ ಎಂಬತ್ತು ಗ್ರಾಂ. ಹೊದಿಕೆಯ ಬಣ್ಣ ಅದೇ, ಹೆಸರು ಅದೇ, ಮೂಲೆಯಲ್ಲಿ ಎಂಬತ್ತು ಇದ್ದ ಜಾಗದಲ್ಲಿ ಎಪ್ಪತ್ತು. ನೆನೆದು ಸೊಟ್ಟಗಾಗಿ ಮನೆಗೆ ಹೋದದ್ದೂ ಇದೇ ಕಾಗದ. ಕಾಗದ ಬದಲಾಗಿದೆ ಅಂತ ಊರಿಗೆಲ್ಲ ಹೇಳಿದವಳು ತನ್ನ ಚೀಲಕ್ಕೆ ಮಾತ್ರ ಇಪ್ಪತ್ತೆರಡು ವರ್ಷದ ಹಳೆ ಲೆಕ್ಕವನ್ನೇ ತುಂಬಿದ್ದಳು. ಹದಿನಾರು ರೀಮು ಅಂದರೆ ನಲವತ್ತಲ್ಲ, ಮೂವತ್ತೈದು. ಮಗಳಿಗೂ ಚೀಲಕ್ಕೂ ನಡುವೆ ಆರು ಕೆಜಿ. ಸಂಶೋಧನೆಯವನು ಏನಾಯ್ತಕ್ಕ ಅಂದ. ಏನಿಲ್ಲ ಕಣಪ್ಪಾ, ನನ್ನ ಪ್ರಬಂಧದಲ್ಲೂ ಒಂದು ತಪ್ಪು ಸಿಕ್ತು ಅಂದಳು.

ಮನೆಗೆ ಬಂದು ಹೇಳಿದಾಗ ಗುಬ್ಬಿ ಬಿಕ್ಕಳಿಕೆ ಬರುವವರೆಗೆ ನಕ್ಕಳು. ಮೂರು ತಿಂಗಳಿಂದ ಕೇಳದಿದ್ದ ನಗು. ಊರವರ ತಪ್ಪೆಲ್ಲ ತಿದ್ದೋ ಮನೇಲಿ ಈ ತಪ್ಪು ಗೋಡೆ ಮೇಲೇ ಇತ್ತಲ್ಲಮ್ಮಾ ಅಂದಳು. ಅಪ್ಪನೂ ನಕ್ಕ. ಹಾಗಿದ್ದರೆ ಇನ್ನು ಮೂರು ರೀಮು ಸೇರಿಸಿಬಿಡು, ಇನ್ನೊಂದು ತಿಂಗಳು ತಗೋ ಅಂದ. ಅಮ್ಮ ಚೀಲದ ಪಕ್ಕ ಕೂತು ನಿಜ ಹೇಳಿದಳು. ಆಗಲ್ಲ. ಕೊನೆಯ ನಾಲ್ಕು ರೀಮಿಗೇ ತನ್ನಲ್ಲಿದ್ದದ್ದೆಲ್ಲ ಖರ್ಚಾಗಿದೆ. ಎಳೆದು ಎಳೆದು ಹತ್ತೊಂಬತ್ತು ಮಾಡಿದರೂ, ಬರುವ ವರ್ಷ ತನಗೆ ನಲವತ್ತೇಳು, ಗುಬ್ಬಿ ನಲವತ್ತೊಂದಕ್ಕೇ ನಿಲ್ಲುತ್ತಾಳೆ ಅಂತ ಏನು ಗ್ಯಾರಂಟಿ? ಆ ಮಾತು ಬಾಯಿಂದ ಬಂದ ಮೇಲೆ ಅವಳಿಗೇ ಒಂಥರಾ ಹಗುರ ಅನಿಸಿತು, ಅಳು ಬಂತು ಕೂಡ.

ಮಾರನೇ ದಿನ ಆಸ್ಪತ್ರೆಗೆ ಹೋಗಿ ಮೇಡಂ ಮುಂದೆ ಎಲ್ಲಾ ಒಪ್ಪಿಸಿದಳು. ಮೇಡಂ ಬೈಯಲಿಲ್ಲ. ಮೂವತ್ತೈದು ಎತ್ತಿದ್ದು ಸಣ್ಣದಲ್ಲ ಅಂದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. ಎತ್ತುವಾಗ ಮಗಳು ಏನು ಮಾಡುತ್ತಾಳೆ?

ಅಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳೇನು ಮಾಡ್ತಾಳೆ, ಸುಮ್ಮನಿರ್ತಾಳೆ.

ಕರೆತರಲು ಆಗದಿದ್ದರೆ ತಾನೇ ಬರುತ್ತೇನೆ, ದಿನಾ ಮನೆಗೆ ಹೋಗೋದು ನಿಮ್ಮ ಬೀದಿ ದಾಟಿಕೊಂಡೇ ಅಂದರು ಮೇಡಂ. ಮನೆಯಲ್ಲಿ ತಕ್ಕಡಿ ಇದೆಯಾ ಅಂತಲೂ ಕೇಳಿದರು. ಶುಕ್ರವಾರ ಸಂಜೆ ಮಾಲೀಕರ ಕೊರಿಯರ್ ತಕ್ಕಡಿ ವ್ಯಾನು ಹತ್ತಿ ಬಂತು. ಅದನ್ನು ಕಿಟಕಿಯ ಪಕ್ಕ ನೆಲಕ್ಕೆ ಇಟ್ಟರು. ಗುಬ್ಬಿಯನ್ನು ಮಂಚದ ಅಂಚಿಗೆ ಜರುಗಿಸಿ, ಪಾದ ಎರಡನ್ನೂ ತಕ್ಕಡಿಯ ಮೇಲೆ ಊರಿಸಿ, ಕಿಟಕಿಯ ಸರಳು ಹಿಡಿಯಲು ಹೇಳಿ, ಅಮ್ಮ ಅವಳನ್ನು ಕಂಕುಳ ಕೆಳಗೆ ತಬ್ಬಿಕೊಂಡಳು. ಮೂರು ಎಣಿಸಿದಾಗ ಅಮ್ಮ ಎಳೆಯಬೇಕು, ಗುಬ್ಬಿ ತಕ್ಕಡಿಯನ್ನು ತುಳಿಯಬೇಕು.

ಮೊದಲ ಸಲ ಕಾಲುಗಳು ಕೂಡಿಕೊಂಡವು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಮೇಡಂ ಮಂಡಿಗಳ ನಡುವೆ ಒಂದು ದಿಂಬು ಸಿಕ್ಕಿಸಿದರು. ಅಂಕಿ ಮೂರಕ್ಕೆ ಬಂತು, ಏಳಕ್ಕೆ ಹೋಯಿತು, ಹನ್ನೆರಡರಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತು ಇಳಿಯಿತು.

"ಹನ್ನೆರಡು ಕೆಜಿ ಅವಳೇ ಹೊತ್ಕೊಂಡಳು" ಅಂದರು ಮೇಡಂ. "ನಿಮ್ಮ ಪಾಲಿಗೆ ಉಳಿದದ್ದು ಇಪ್ಪತ್ತೊಂಬತ್ತು."

ಅಮ್ಮ ಮಗಳನ್ನು ಮಂಚಕ್ಕೆ ಇಳಿಸಿ ಅವಳ ಪಕ್ಕದಲ್ಲೇ ಕೂತಳು. ಇಬ್ಬರಿಗೂ ಏದುಸಿರು.

"ನಿಂಗೆ ನಿಲ್ಲೋಕಾಗುತ್ತೆ ಅಂತ ಯಾಕೆ ಹೇಳ್ಲಿಲ್ಲ?"

"ನಂಗೂ ಗೊತ್ತಿರ್ಲಿಲ್ಲ. ಯಾರೂ ಕೇಳ್ಲಿಲ್ವಲ್ಲಮ್ಮಾ."

ಅದು ನಿಜ. ಒಂಬತ್ತು ವರ್ಷದವಳಾಗಿದ್ದಾಗ ನಿಲ್ಲೋಕೆ ಕಟ್ಟುತ್ತಿದ್ದ ಕಾಲಿನ ಪಟ್ಟಿಗಳು ಚಿಕ್ಕವಾದವು, ಆಮೇಲೆ ಹೊಸದು ಮಾಡಿಸಲಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ನಿಲ್ಲಿಸಿ ಕಾಯೋದಕ್ಕಿಂತ ಎತ್ತಿಕೊಂಡು ಹೋಗೋದು ಬೇಗ ಆಗುತ್ತಿತ್ತು. ಪ್ರೀತಿಯೂ ಹೌದು, ಅವಸರವೂ ಹೌದು. ಹತ್ತು ವರ್ಷದ ಅವಸರ. ಅಮ್ಮ ಅದನ್ನು ಯೋಚಿಸಿ ಕೊರಗಲು ಹೊರಟಿದ್ದಳು, ಆದರೆ ಮೇಡಂ ಅಷ್ಟರಲ್ಲಿ ಅಪ್ಪನನ್ನು ಕರೆದು ಗೋಡೆಯಲ್ಲಿ ಎಲ್ಲೆಲ್ಲಿ ಹಿಡಿ ಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕತೊಡಗಿದ್ದರು.

ಅಪ್ಪ ಎರಡು ದಿನ ಗೋಡೆ ಕೊರೆದ. ಕೊರೆಯೋ ಯಂತ್ರ ಐದು ಕೆಜಿಯ ಒಳಗೇ ಇದೆ ಅಂತ ಮೊದಲೇ ತೂಗಿ ನೋಡಿಕೊಂಡಿದ್ದ. ಬಚ್ಚಲ ಬಾಗಿಲ ಪಕ್ಕ ಒಂದು, ಒಳಗೆ ಎರಡು, ದಪ್ಪ ಪೈಪಿನ ಹಿಡಿಗಳು. ತಾನೇ ಜೋತು ಬಿದ್ದು ಪರೀಕ್ಷಿಸಿದ. ಆ ಹೆಂಗಸಿಗೆ ಈಗ ಬೇಡ ಅಂತ ಹೇಳಿ ಕಳಿಸಿದ. ಎಂದೂ ಬೇಡ ಅಂತ ಯಾರೂ ಅನ್ನಲಿಲ್ಲ. ಒಂದು ದಿನ ಬೇಕೇ ಆದರೆ ಯಾರು ಬರಬೇಕು ಅನ್ನೋದನ್ನ ನಾನೇ ನೋಡಿ, ಮಾತಾಡಿಸಿ ಆರಿಸ್ತೀನಿ, ನೀನು ಹುಡುಕಿಟ್ಟು ಗಂಟಲು ಸರಿಮಾಡ್ಕೊಂಡು ಬರಬೇಡ ಅಂತ ಗುಬ್ಬಿ ಅಪ್ಪನಿಗೆ ಹೇಳಿದಳು. ಅಪ್ಪ ಹೂಂ ಅಂದ, ಗಂಟಲು ಸರಿಮಾಡಿಕೊಂಡೇ.

ಒಂದನೇ ತಾರೀಕು ಬೆಳಿಗ್ಗೆ ಶುರುಮಾಡಿದರು. ಎಂಟು ಹೆಜ್ಜೆಯಲ್ಲಿ ಆರು ಗಾಲಿಕುರ್ಚಿಯದು, ಎರಡು ಅವರಿಬ್ಬರದು. ಮೂರು ಎಣಿಸಿ ಎದ್ದರು. ಗುಬ್ಬಿ ಹಿಡಿ ಹಿಡಿದು ತುಳಿದಳು, ಅಮ್ಮ ತಬ್ಬಿ ಎಳೆದಳು. ಹೊಸ್ತಿಲ ಹತ್ತಿರ ಒಂದು ಸಲ ಮತ್ತೆ ಕುರ್ಚಿಗೆ ಕೂತು, ಉಸಿರು ತಗೊಂಡು, ಮತ್ತೆ ಎದ್ದರು. ಹೊಸ್ತಿಲು ದಾಟುವ ಒಂದು ಗೇಣಿನಲ್ಲಿ ಅಮ್ಮ ಪೂರ್ತಿ ತೂಕ ಎತ್ತಿದ್ದೂ ಹೌದು, ಒಂದೇ ಒಂದು ಕ್ಷಣ. ಆ ಕ್ಷಣಕ್ಕೆ ಮಾತ್ರ ರೀಮುಗಳು ಕೆಲಸಕ್ಕೆ ಬಂದವು. ಮೊದಲು ಅರ್ಧ ನಿಮಿಷದ ದಾರಿ, ಈಗ ಹನ್ನೊಂದು ನಿಮಿಷ. ಅಂಗಡಿಗೆ ಅರ್ಧ ಗಂಟೆ ತಡವಾಗಿ ಬರುತ್ತೇನೆ ಅಂತ ಮಾಲೀಕರಿಗೆ ಹಿಂದಿನ ದಿನವೇ ಹೇಳಿಟ್ಟಿದ್ದಳು.

ಸ್ಟೂಲಿನ ಮೇಲೆ ಕೂತ ಗುಬ್ಬಿ ಮೊದಲ ಚೊಂಬು ನೀರು ತಲೆಯ ಮೇಲೆ ಬಿದ್ದಾಗ ಕಣ್ಣು ಮುಚ್ಚಿದಳು. ಎಷ್ಟೋ ಹೊತ್ತು ತೆರೆಯಲೇ ಇಲ್ಲ.

ಅಮ್ಮನಿಗೆ ಕಾಲಲ್ಲಿ ಜೀವ ಉಳಿದಿರಲಿಲ್ಲ. ಎರಡನೇ ಚೊಂಬು ಹುಯ್ದು, ಹೊಸ್ತಿಲ ಮೇಲೆ ಹಾಗೇ ಕುಕ್ಕರಿಸಿದಳು. ಸೀರೆಯ ಅಂಚು ನೆನೆಯುತ್ತಿತ್ತು, ಎಳೆದುಕೊಳ್ಳಲೂ ಬೇಜಾರು. ಇದೇ ದಾರಿಯಲ್ಲಿ ಇನ್ನು ವಾಪಸ್ಸು ಹೋಗಬೇಕು, ನಾಳೆ ಮತ್ತೆ, ನಾಡಿದ್ದು ಮತ್ತೆ. ಬಕೆಟ್ಟಿನಲ್ಲಿ ನೀರು ಇನ್ನೂ ಅರ್ಧ ಇತ್ತು. ಏಳೋಣ ಅಂತ ಗೋಡೆಯ ಹೊಸ ಹಿಡಿಯ ಕಡೆ ಕೈ ಚಾಚಿದಳು.

"ಅಮ್ಮಾ" ಅಂದಳು ಗುಬ್ಬಿ, ಸೋಪಿನ ನೊರೆಯ ನಡುವೆ ಒಂದು ಕಣ್ಣು ತೆರೆದು. "ಕೈ ಊರಬೇಡ."

ಅಮ್ಮ ಅವಳನ್ನು ದುರುಗುಟ್ಟಿ ನೋಡಿದಳು. ಕೈ ವಾಪಸ್ಸು ತೆಗೆದುಕೊಂಡಳು. ಮೊದಲ ಸಲ ಅರ್ಧಕ್ಕೆ ಎದ್ದು ಮತ್ತೆ ಕೂತಳು. ಎರಡನೇ ಸಲ ಪಾದ ಹತ್ತಿರಕ್ಕೆ ಎಳೆದುಕೊಂಡು, ಮುಂದಕ್ಕೆ ಬಾಗಿ, ಎಲ್ಲೂ ಹಿಡಿಯದೆ ಎದ್ದಳು.

"ಒಂದು" ಅಂತ ಎಣಿಸಿದಳು ಗುಬ್ಬಿ.